ಗೇಮ್, ದೇವಾಪುರ!

ಯಾದಗಿರಿ ನಿಲ್ದಾಣದಲ್ಲಿ ಇಳಿದಾಗ ಬೆಳಿಗ್ಗೆ ಆರೂವರೆ. ಫೆಬ್ರವರಿ ಇನ್ನೂ ಮುಗಿದಿರಲಿಲ್ಲ, ಆದರೆ ಹಿಂದಿನ ದಿನದ ಬಿಸಿಲು ಪ್ಲಾಟ್‌ಫಾರ್ಮಿನ ಬೆಂಚುಗಳಲ್ಲಿ ಇನ್ನೂ ಉಳಿದಿತ್ತು. ನಮ್ಮ ಬಳಿ ಎರಡು ಬಟ್ಟೆಚೀಲ, ಮೂರು ಟೆನಿಸ್ ರ‍್ಯಾಕೆಟ್‌ಗಳಿದ್ದ ಒಂದು ಉದ್ದನೆಯ ಚೀಲ, ಜೊತೆಗೆ ತಂತಿ ಬಿಗಿಯುವ ನನ್ನ ಯಂತ್ರ. ಅದೇ ಹನ್ನೆರಡು ಕಿಲೋ ತೂಗುತ್ತದೆ. ನಾನು ಕೂಲಿಯವನನ್ನು ಕೂಗುವಷ್ಟರಲ್ಲಿ ಸಾಬಮ್ಮ ಅದನ್ನು ಎತ್ತಿಕೊಂಡು ನಡೆದೇಬಿಟ್ಟಳು. ಮೊಣಕಾಲಿನ ಆಪರೇಷನ್ ಆದವಳು ನೀನು ಎಂದು ಗದರಿದೆ.

"ಆಪರೇಷನ್ ಕೈಗೆ ಆಗಿಲ್ಲಲ್ರಿ ಕಾಕಾ" ಅಂದಳು.

ನಾನು ಟೆನಿಸ್ ಆಡುವವನಲ್ಲ. ಆಡುವವರ ರ‍್ಯಾಕೆಟ್‌ಗೆ ತಂತಿ ಕಟ್ಟುವವನು. ಹುಟ್ಟಿದ್ದು ಹುಬ್ಬಳ್ಳಿ, ಅಂಗಡಿ ಬೆಂಗಳೂರಿನಲ್ಲಿ. ಹದಿನಾರು ವರ್ಷ ಸಾಬಮ್ಮನ ರ‍್ಯಾಕೆಟ್‌ಗಳನ್ನು ನಾನೇ ಕಟ್ಟಿದ್ದೇನೆ. ಟೆನಿಸ್ ನೋಡುವವರಿಗೆ ಸಾಬಮ್ಮ ದೇವಾಪುರ ಯಾರೆಂದು ಹೇಳಬೇಕಿಲ್ಲ, ನೋಡದವರಿಗಾಗಿ ಹೇಳುತ್ತೇನೆ. ಕಾಲುವೆ ಕಾಮಗಾರಿ ಕ್ಯಾಂಪಿನ ಇಂಜಿನಿಯರ್ ಸಾಹೇಬರ ಕ್ಲಬ್ಬಿನಲ್ಲಿ ಚೆಂಡು ಹೆಕ್ಕುತ್ತಿದ್ದ ಹುಡುಗಿ, ಹನ್ನೊಂದನೇ ವಯಸ್ಸಿಗೆ ಬೆಂಗಳೂರಿನ ಹಾಸ್ಟೆಲ್ ಸೇರಿದಳು. ಹತ್ತೊಂಬತ್ತಕ್ಕೆ ದೇಶ ಬಿಟ್ಟು ಹೊರಗೆ ಆಡತೊಡಗಿದಳು. ಹೆಸರು ಕೇಳಿದರೇ ಎದುರಾಳಿಗಳು ಬೆವರುವಂಥ ಒಬ್ಬ ದೊಡ್ಡ ಆಟಗಾರ್ತಿಯನ್ನು ಒಮ್ಮೆ ಎರಡೇ ಸೆಟ್‌ನಲ್ಲಿ ಮನೆಗೆ ಕಳಿಸಿದಳು. ಜೋಡಿ ಆಟದಲ್ಲಿ ಅವಳು ತಂದ ಕಪ್ಪುಗಳಿಗೆ ಅವಳ ಫ್ಲ್ಯಾಟಿನ ಕಪಾಟು ಸಾಲದೆ ಎರಡು ನನ್ನ ಅಂಗಡಿಯಲ್ಲಿವೆ. ಎರಡು ವರ್ಷದ ಹಿಂದೆ ಬಲಗಾಲು ಇನ್ನು ಸಾಕು ಅಂದಿತು. ನಿವೃತ್ತಿ ಹೇಳಿದಳು.

ಈ ಕಡೆಯವರು ಹೆಸರಿನ ಮುಂದೆ ಊರ ಹೆಸರು ಬರೆಸುತ್ತಾರಲ್ಲ, ಸಾಬಮ್ಮನಿಗೂ ಶಾಲೆಯಲ್ಲಿ ಹಾಗೇ ಬರೆದರು. ಟೆನಿಸ್‌ನಲ್ಲಿ ಒಂದು ಗೇಮ್ ಮುಗಿದಾಗ ಅಂಪೈರು ಗೆದ್ದವರ ಹೆಸರು ಕೂಗುತ್ತಾನೆ, ಅದೂ ಕೊನೆಯ ಹೆಸರನ್ನು ಮಾತ್ರ. ಹಾಗಾಗಿ ಯಾವ್ಯಾವುದೋ ದೇಶದ, ಜೋಳದ ರೊಟ್ಟಿಯ ವಾಸನೆಯೂ ಗೊತ್ತಿಲ್ಲದ ಅಂಪೈರುಗಳೆಲ್ಲ ಹದಿನೈದು ವರ್ಷ ಮೈಕಿನಲ್ಲಿ "ಗೇಮ್, ದೇವಾಪುರ" ಎಂದು ಕೂಗಿದರು. ಸುರಪುರದ ಹತ್ತಿರದ ಆ ಹಳ್ಳಿಗೆ ಇದಕ್ಕಿಂತ ಬೇರೆ ಏನು ಬೇಕು? ನಾವು ಈಗ ಹೊರಟಿದ್ದು ಅಲ್ಲಿಗೇ. ಮರುದಿನ ಸಾಯಂಕಾಲ ಊರಿನವರು ಒಂದು ಪ್ರದರ್ಶನ ಪಂದ್ಯ ಇಟ್ಟುಕೊಂಡಿದ್ದರು.

ನಿಲ್ದಾಣದ ಹೊರಗೆ ಚಹಾ ಕುಡಿಯುತ್ತ ಸಾಬಮ್ಮ ಅಸಲು ಮಾತು ಹೇಳಿದಳು. ಅವಳ ತಾಯಿ ಭೀಮವ್ವ ಮಗಳ ಆಟವನ್ನು ಒಂದೇ ಒಂದು ಸಲ ನೋಡಿದ್ದರಂತೆ, ಅದೂ ಅವಳ ಮೊದಲ ಪಂದ್ಯ. ಅವತ್ತು ಹುಡುಗಿ ಒಂದು ಗೇಮೂ ಗೆಲ್ಲದೆ ಸೋತಳು. ತನ್ನ ಕಣ್ಣೇ ಮಗಳಿಗೆ ಆಗಿಬರುವುದಿಲ್ಲ ಎಂದು ತಾಯಿ ತೀರ್ಮಾನ ಮಾಡಿದರು. ಆಮೇಲೆ ಟಿವಿಯಲ್ಲಿ ಪಂದ್ಯ ಬಂದಾಗ ಊರೆಲ್ಲ ಅವರ ಮನೆಯಲ್ಲಿ ಸೇರಿದರೂ ಅವರು ಟಿವಿಗೆ ಬೆನ್ನು ಕೊಟ್ಟು ಕೂರುತ್ತಿದ್ದರು. ಕೈಯಲ್ಲಿ ತೊಗರಿಕಾಳು, ಮುಂದೆ ತಟ್ಟೆ. "ಗೇಮ್, ದೇವಾಪುರ" ಎಂದು ಕಿವಿಗೆ ಬಿದ್ದಾಗಲೆಲ್ಲ ತಟ್ಟೆಗೆ ಒಂದು ಕಾಳು.

"ಜಗತ್ತೆಲ್ಲಾ ನೋಡ್ಯಾದರಿ ಕಾಕಾ, ನಮ್ಮವ್ವ ನೋಡಿಲ್ಲ" ಅಂದಳು ಸಾಬಮ್ಮ. "ನಾಳಿ ಎದುರಿಗಿ ಕುಂದ್ರಸ್ತೀನಿ. ಕುಂತಾಗ ಗೆಲ್ಲಬೇಕು. ಇಲ್ಲಾಂದ್ರ ಸಾಯೂತನಕ ತನ್ನ ಕಣ್ಣs ಕೆಟ್ಟದ್ದು ಅಂತ ತಿಳ್ಕೊತಾಳ."

ನಾನು ಚಹಾದ ಲೋಟದೊಳಗೆ ನೋಡುತ್ತ ಕೂತೆ. ಕಾರಣವಿತ್ತು. ವಾರದ ಹಿಂದೆ ಫೋನಿನಲ್ಲಿ ಎರಡು ರ‍್ಯಾಕೆಟ್ ಕಟ್ಟಿಡಿ, ನಲವತ್ನಾಲ್ಕು ಪೌಂಡು ಎಂದು ಹೇಳಿದ್ದಳು. ತಂತಿ ಎಷ್ಟು ಬಿಗಿಯಿರಬೇಕೆಂಬ ಲೆಕ್ಕ ಅದು. ಉಳಿದ ಆಟಗಾರ್ತಿಯರೆಲ್ಲ ಐವತ್ತರ ಮೇಲೆ ಕಟ್ಟಿಸಿಕೊಳ್ಳುವಾಗ ಇವಳದು ಮೊದಲಿಂದಲೂ ಸಡಿಲ. ಈ ವಿಷಯಕ್ಕೆ ನಮಗೆ ಹದಿನಾರು ವರ್ಷ ಜಗಳ. ಬಿಸಿಲಿಗೆ ತಂತಿ ಮೆದುವಾಗುತ್ತದೆ, ಚೆಂಡು ಹಾರಿ ಹೊರಗೆ ಬೀಳುತ್ತದೆ, ಅದೂ ಎರಡು ವರ್ಷ ಆಡದ ಕೈ, ಯಾದಗಿರಿ ಜಿಲ್ಲೆಯ ಬಿಸಿಲು! ಅವಳ ಒಳ್ಳೆಯದಕ್ಕೇ ಎಂದುಕೊಂಡು, ಹೇಳದೆ ಕೇಳದೆ, ಎರಡನ್ನೂ ಐವತ್ತಕ್ಕೆ ಕಟ್ಟಿದ್ದೆ. ಮೂರನೆಯದು ಅವಳ ಕೊನೆಯ ಪಂದ್ಯದ ಹಳೆಯ ರ‍್ಯಾಕೆಟ್ಟು. ಊರಲ್ಲಿ ಗೋಡೆಗೆ ತೂಗುಹಾಕಲು ತಂದಿದ್ದಳು.

ಶಹಾಪುರದ ಬಸ್ಸಿನಲ್ಲಿ ಸಾಬಮ್ಮನಿಗೆ ಹೆಂಗಸರ ಪುಕ್ಕಟೆ ಟಿಕೆಟ್, ನನಗೆ ಐವತ್ತು ರೂಪಾಯಿ ಚಿಲ್ಲರೆ. ಆಧಾರ್ ಕಾರ್ಡು ನೋಡಿದ ಕಂಡಕ್ಟರ್ ಕಾರ್ಡು ವಾಪಸು ಕೊಡುವುದನ್ನೇ ಮರೆತ. "ಗೇಮ್ ದೇವಾಪುರ ಅಲ್ರಿ ನೀವು?" ಎಂದು ಅವನು ಕೇಳಿದ್ದೇ ತಡ, ಬಸ್ಸಿಗೆ ಬಸ್ಸೇ ತಿರುಗಿತು. ಈ ಸೀಮೆಯಲ್ಲಿ ಅವಳ ಹೆಸರೇ ಅದು. ಭೀಮಾ ಸೇತುವೆ ದಾಟುವಾಗ ಮುಂದಿನ ಸೀಟಿನ ಮುದುಕಿಯೊಬ್ಬಳು ಎದ್ದು ಬಂದು ಸಾಬಮ್ಮನ ಬಲಗೈ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದs ಏನ ಕೈ?"

"ಇದs ಆಯಿ."

"ನಮ್ಮ ಕೈಯಂಗs ಅದಲ್ಲ, ಜಡ್ಡುಗಟ್ಟಿ" ಎಂದು ಮುದುಕಿ ಸಮಾಧಾನದಿಂದ ಹೋಗಿ ಕೂತಳು. ದೊಡ್ಡ ದೊಡ್ಡ ಪತ್ರಿಕೆಗಳಲ್ಲಿ ಸಾಬಮ್ಮನ ಬಗ್ಗೆ ಬರೆದದ್ದನ್ನೆಲ್ಲ ನಾನು ಓದಿದ್ದೇನೆ. ಇದಕ್ಕಿಂತ ಒಳ್ಳೆಯ ಹೊಗಳಿಕೆ ಯಾವುದರಲ್ಲೂ ಬಂದಿಲ್ಲ.

ಶಹಾಪುರ ಮುಟ್ಟಿದಾಗ ಒಂಬತ್ತಾಗಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಜ್ಜಿ ತಿಂದೆವು. ಮಿರ್ಚಿ ನನ್ನ ಕಣ್ಣಲ್ಲಿ ನೀರು ತರಿಸಿತು. ಸಾಬಮ್ಮ ನಾಲ್ಕು ತಿಂದಳು. ಗಲ್ಲಾದ ಮೇಲೆ, ದೇವರ ಪಟದ ಪಕ್ಕದಲ್ಲಿ, ಒಂದು ಪತ್ರಿಕೆಯ ಚಿತ್ರಕ್ಕೆ ಕಟ್ಟು ಹಾಕಿಸಿ ಮಾಲೆ ಹಾಕಿದ್ದರು. ನೆಟ್ಟಿನ ಮೇಲೆ ಇಬ್ಬರು ಆಟಗಾರ್ತಿಯರು ಕೈ ಕುಲುಕುತ್ತಿದ್ದಾರೆ, ಒಬ್ಬಳು ಸಾಬಮ್ಮ. ಆ ಪಂದ್ಯ ನನಗೆ ಚೆನ್ನಾಗಿ ನೆನಪಿದೆ. ಅವತ್ತು ಸೋತದ್ದು ಇವಳೇ. ಹೋಟೆಲಿನ ಮಾಲೀಕರಿಗೆ ಅದನ್ನು ಹೇಳಲೋ ಬೇಡವೋ ಎಂದು ನಾನು ಒದ್ದಾಡುತ್ತಿದ್ದಾಗ ಅವರೇ ಬಂದು ವಿವರಿಸಿದರು.

"ಆ ಕಡಿಯಾಕಿ ಯಾರೋ ಏನೋ ಗೊತ್ತಿಲ್ರಿ. ನಮ್ಮಾಕಿ ದೊಡ್ಡ ಮನಸ್ಸು ಮಾಡಿ ಕೈ ಕೊಟ್ಟಾಳ."

ಆ ಕಡೆಯವಳು ಆಗ ಜಗತ್ತಿನ ಮೊದಲ ನಾಲ್ಕೈದು ಜನರಲ್ಲಿ ಒಬ್ಬಳು. ಸಾಬಮ್ಮ ನಕ್ಕು ನಕ್ಕು ಕೆಮ್ಮಿದಳು. ತಿಂದದ್ದಕ್ಕೆ ಅವರು ಒಂದು ಪೈಸೆ ಮುಟ್ಟಲಿಲ್ಲ. ಬದಲಿಗೆ ದಾರಿಗಿರಲಿ ಎಂದು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಪೊಟ್ಟಣ ಕಟ್ಟಿಕೊಟ್ಟರು.

ಅಲ್ಲಿಂದ ಸುರಪುರಕ್ಕೆ ಮುಕ್ಕಾಲು ಗಂಟೆ. ಬುದ್ಧ ಮಲಗಿದಂತೆ ಕಾಣುವ ಗುಡ್ಡ ಹಿಂದೆ ಸರಿದು, ಎರಡೂ ಬದಿ ಭತ್ತದ ಹಸಿರು ಬಂತು, ಆಮೇಲೆ ದೊಡ್ಡ ದೊಡ್ಡ ಬಂಡೆಗಳ ಗುಡ್ಡ. ಸುರಪುರದಲ್ಲಿ ಶಾಲು, ಹಾರ, ಡೊಳ್ಳು. ತೆರೆದ ಜೀಪಿನಲ್ಲಿ ಅವಳನ್ನು ನಿಲ್ಲಿಸಿದರು. ನಾನು ಹಿಂದಿನ ಟಂಟಂ ಆಟೋದಲ್ಲಿ ಯಂತ್ರವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಓಣಿ ಓಣಿಯಲ್ಲಿ ಜನ "ಗೇಮ್!" ಎಂದು ಒಬ್ಬರು ಕೂಗಿದರೆ "ದೇವಾಪುರ!" ಎಂದು ಉಳಿದವರು ಕೂಗುತ್ತಿದ್ದರು. ಆಟ ಬಿಟ್ಟು ಎರಡು ವರ್ಷವಾದವಳಿಗೆ ಇಷ್ಟು ಜನ ಸೇರುತ್ತಾರೆಂದು ನಾನು ಎಣಿಸಿರಲಿಲ್ಲ. ನನ್ನ ಎದೆ ಉಬ್ಬಿತು ಎಂದು ನಾಚಿಕೆಯಿಲ್ಲದೆ ಬರೆಯುತ್ತೇನೆ. ಕಟ್ಟಿದ ತಂತಿ ನನ್ನದಲ್ಲವೇ!

ದೇವಾಪುರಕ್ಕೆ ಬಂದದ್ದು ಮಧ್ಯಾಹ್ನ. ಭೀಮವ್ವ ಅರವತ್ತು ದಾಟಿದ ಸಣಕಲು ಹೆಂಗಸು, ಮಾತು ಕಮ್ಮಿ. ಬಿಸಿ ರೊಟ್ಟಿ, ಪುಂಡಿಪಲ್ಯೆ, ಹಸಿ ಉಳ್ಳಾಗಡ್ಡಿ ಬಡಿಸಿ, ಊಟ ಆದಮೇಲೆ "ಬರ್ರಿ, ಕಣ ನೋಡಬರ್ರಿ" ಎಂದು ಕರೆದೊಯ್ದರು. ಆಗ ನನಗೆ ಎರಡನೇ ಸಂಗತಿ ತಿಳಿಯಿತು. ಕ್ಯಾಂಪಿನ ಸಾಹೇಬರ ಟೆನಿಸ್ ಅಂಗಳವನ್ನು ಒಂದು ಕಾಲದಲ್ಲಿ ವಾರವಾರ ಸಾರಿಸುತ್ತಿದ್ದ ಕೂಲಿ ಹೆಂಗಸರಲ್ಲಿ ಭೀಮವ್ವನೂ ಒಬ್ಬರು. ರಾಶಿ ಮಾಡುವ ಕಣ ಹೇಗೆ ಮಾಡುತ್ತಾರೋ ಹಾಗೇ ಅದನ್ನೂ ಮಾಡುತ್ತಿದ್ದರು. ಈಗ ರಾಶಿಗೆ ಮಷಿನ್ ಬಂದು ಊರಲ್ಲಿ ಕಣ ಮಾಡುವವರೇ ಇಲ್ಲ. ಹೀಗಿರುವಾಗ ಹನ್ನೆರಡು ಹೆಂಗಸರು ಸೇರಿ, ಒಂದು ವಾರ ನೀರು ಹೊಡೆದು, ತುಳಿದು, ಕಲ್ಲಿನ ಗುಂಡು ಉರುಳಿಸಿ, ಮೂರು ಸಲ ಸಗಣಿ ಸಾರಿಸಿ ಈ ಅಂಗಳ ಎಬ್ಬಿಸಿದ್ದರು. ಕೃಷ್ಣಾ ದಂಡೆಯ ಮೀನುಗಾರರು ಬಲೆಯನ್ನು ಎರಡು ಪದರ ಮಾಡಿ ಟೆನಿಸ್ ನೆಟ್ ಹೊಲಿದುಕೊಟ್ಟಿದ್ದರು. ಸುಣ್ಣದ ಗೆರೆಗಳು ಎಳೆದ ದಾರದಷ್ಟು ನೆಟ್ಟಗಿದ್ದವು.

ಎಲ್ಲ ಸರಿ. ಆದರೆ ಅಂಗಳದ ನಟ್ಟನಡುವೆ, ನೆಟ್ಟಿನ ಮಧ್ಯದಲ್ಲಿ, ಆಳೆತ್ತರದ ಒಂದು ಕಂಬ ನಿಂತಿತ್ತು. ಅದಕ್ಕೆ ಅರಿಶಿನ, ಕುಂಕುಮ, ಬುಡದಲ್ಲಿ ಒಡೆದ ತೆಂಗಿನಕಾಯಿ.

"ಇದೇನ್ರಿ?" ಎಂದೆ.

"ಮೇಟಿ" ಅಂದರು ಭೀಮವ್ವ. ಎತ್ತುಗಳನ್ನು ಕಟ್ಟಿ ಸುತ್ತಿಸಲು ಕಣದ ನಡುವೆ ನೆಡುವ ಕಂಬ.

"ಟೆನಿಸ್‌ಗೆ ಇದು ಇರಂಗಿಲ್ರಿ."

"ಮೇಟಿ ಇಲ್ದ ಕಣ ಇರ್ತದೇನ್ರಿ ಯಣ್ಣಾ?" ಹನ್ನೆರಡು ಹೆಂಗಸರೂ ನನ್ನನ್ನು ಅಯ್ಯೋ ಪಾಪ ಎಂಬಂತೆ ನೋಡಿದರು. ಪೂಜೆ ಆಗಿದೆ, ಕೀಳುವ ಮಾತೇ ಇಲ್ಲ. ಕಣವಾದ್ದರಿಂದ ಚಪ್ಪಲಿ, ಬೂಟು ಯಾವುದೂ ಒಳಗೆ ಬರುವಂತಿಲ್ಲ. ನಾಳೆ ಇಬ್ಬರೂ ಬರಿಗಾಲಲ್ಲೇ ಆಡಬೇಕು. ನಾನು ಸಾಬಮ್ಮನ ಮುಖ ನೋಡಿದೆ. ಅವಳು ಆಗಲೇ ಬೂಟು ಬಿಚ್ಚಿ ಅಂಗಳದ ನಡುವೆ ಹೋಗಿ ಅಂಗಾಲು ಉಜ್ಜುತ್ತ ನಿಂತಿದ್ದಳು.

ಮರುದಿನ ನಾಲ್ಕೂವರೆಗೆ ಊರಿನ ಮಾಳಿಗೆಗಳ ಮೇಲೂ ಜಾಗ ಇರಲಿಲ್ಲ. ಹೈಸ್ಕೂಲಿನ ಮಾನಪ್ಪ ಮಾಸ್ತರು ಟ್ರ್ಯಾಕ್ಟರಿನ ಸೀಟಿನ ಮೇಲೆ ಮೈಕು ಹಿಡಿದು ಅಂಪೈರಾಗಿ ಕೂತರು. ಎದುರಾಳಿ ರಾಯಚೂರಿನ ನಂದಿನಿ, ಬ್ಯಾಂಕಿನ ಕೆಲಸದಲ್ಲಿದ್ದಾಳೆ, ಇಪ್ಪತ್ನಾಲ್ಕರ ವಯಸ್ಸು, ಯೂನಿವರ್ಸಿಟಿ ಚಾಂಪಿಯನ್ ಆಗಿದ್ದವಳು. ಸಾಬಮ್ಮ ಅವಳ ಕೈ ಹಿಡಿದು ಹೇಳಿದ್ದನ್ನು ನಾನು ಕೇಳಿಸಿಕೊಂಡೆ.

"ಒಂದು ಪಾಯಿಂಟೂ ಬಿಟ್ಟುಕೊಡಬ್ಯಾಡ ತಂಗಿ. ಕೊಟ್ಟರ ನಮ್ಮವ್ವಗ ಗೊತ್ತಾಗ್ತದ."

ಭೀಮವ್ವ ಅಂಗಳದ ಅಂಚಿಗೆ, ನನ್ನ ಪಕ್ಕದಲ್ಲಿ, ಕಂಬಳಿಯ ಮೇಲೆ ಕೂತಿದ್ದರು. ಮುಖ ಆಟದ ಕಡೆಗೇ ಇತ್ತು, ಆದರೆ ಕಣ್ಣು ನೆಲದ ಮೇಲೆ. ಮುಂದೆ ತಟ್ಟೆ, ಸೆರಗಿನ ತುದಿಯಲ್ಲಿ ತೊಗರಿಕಾಳು. ಆರು ಗೇಮಿನ ಒಂದೇ ಸೆಟ್ಟು.

ಮೊದಲ ಗೇಮ್ ಸಾಬಮ್ಮ ಗೆದ್ದಳು. "ಗೇಮ್, ದೇವಾಪುರ!" ಎಂದು ಮಾಸ್ತರು ಕೂಗಿದಾಗ ಎದ್ದ ಸದ್ದಿಗೆ ಬೇವಿನ ಮರದ ಹಕ್ಕಿಗಳೆಲ್ಲ ಹಾರಿದವು. ತಟ್ಟೆಗೆ ಒಂದು ಕಾಳು ಬಿತ್ತು. ಅಷ್ಟೇ. ಆಮೇಲೆ ನಂದಿನಿ ಸಾಲಾಗಿ ನಾಲ್ಕು ಗೇಮ್ ತೆಗೆದುಕೊಂಡಳು. ಸಾಬಮ್ಮ ಹೊಡೆದ ಚೆಂಡೆಲ್ಲ ಬಲೆಗೆ ಹೋಗಿ ಮೀನಿನಂತೆ ಸಿಕ್ಕಿಬೀಳುತ್ತಿತ್ತು. ಸಗಣಿ ಸಾರಿಸಿದ ಆ ನೆಲದಲ್ಲಿ ಚೆಂಡು ಮೇಲೇಳುವುದೇ ಇಲ್ಲ. ಮೊಣಕಾಲಿನ ಕೆಳಗೇ ಉಳಿಯುತ್ತದೆ. ಅದನ್ನು ಮೊಗೆದು ಎತ್ತಿ ದೂರ ಕಳಿಸಬೇಕು. ಅದಕ್ಕೆ ಬಿಗಿ ತಂತಿ ಬಗ್ಗುವುದಿಲ್ಲ, ಸಡಿಲ ತಂತಿಯೇ ಬೇಕು.

ಹದಿನಾರು ವರ್ಷ ನಾನು ಜಗಳಾಡಿದ ಪ್ರಶ್ನೆಗೆ ಉತ್ತರ ನನ್ನ ಕಣ್ಣೆದುರು ನೆಲದ ಮೇಲೆ ಬಿದ್ದಿತ್ತು. ಈ ಹುಡುಗಿ ಆಟ ಕಲಿತದ್ದೇ ಇಂಥ ನೆಲದಲ್ಲಿ, ಅವಳ ಕೈ ತಿದ್ದಿದ್ದೇ ಅವಳ ತಾಯಿ ಸಾರಿಸಿದ ಈ ಮಣ್ಣು. ಯಂತ್ರದ ಮುಳ್ಳನ್ನು ಓದಲು ಬರುತ್ತದೆಂಬ ಜಂಬದಲ್ಲಿ ನಾನು ಅವಳ ಮಾತು ಮೀರಿದ್ದೆ.

ನಾಲ್ಕು-ಒಂದರಲ್ಲಿ ಬದಿ ಬದಲಿಸುವ ಬಿಡುವು. ಭೀಮವ್ವ ಎದ್ದು ನಿಂತರು. "ನಾ ಹೇಳಿದ್ದಿಲ್ಲ?" ಎಂದು ಯಾರಿಗೋ ಎಂಬಂತೆ ಹೇಳಿ, ತಟ್ಟೆ ಎತ್ತಿಕೊಂಡು, ಆಟಕ್ಕೆ ಬೆನ್ನು ಹಾಕಿ ಕೂತರು. ಸಾಬಮ್ಮ ಕುಂಟುತ್ತ ನೇರ ನಮ್ಮ ಕಡೆ ಬಂದಳು.

"ಎಷ್ಟಕ್ಕ ಕಟ್ಟೀರಿ ಕಾಕಾ?"

"ಐವತ್ತು" ಎಂದೆ. ಸುಳ್ಳು ಹೇಳುವ ಧೈರ್ಯವಾಗಲಿಲ್ಲ. "ತಪ್ಪಾತವ್ವಾ. ನಂದs ತಪ್ಪು."

"ಮೊದಲ್ನೇ ಹೊಡ್ತಕ್ಕs ಗೊತ್ತಾಗ್ಯಾದ" ಅಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚೀಲದಿಂದ ಗೋಡೆಗೆ ತೂಗುಹಾಕಲು ತಂದಿದ್ದ ಹಳೆಯ ರ‍್ಯಾಕೆಟ್ಟು ತೆಗೆದಳು. ಅದನ್ನು ನಲವತ್ನಾಲ್ಕಕ್ಕೆ ಕಟ್ಟಿ ಎರಡು ವರ್ಷವಾಗಿತ್ತು. ಈಗ ನಲವತ್ತೂ ಇದ್ದಿರಲಾರದು. ಬೆರಳಿನಿಂದ ತಂತಿ ಮೀಟಿ ನೋಡಿ ತಲೆಯಾಡಿಸಿದಳು. ಆಮೇಲೆ ತಾಯಿಯ ಮುಂದೆ ಹೋಗಿ, ಆ ಕಾಲನ್ನು ಹೇಗೋ ಮಡಚಿ, ನೆಲದ ಮೇಲೆ ಕೂತಳು.

"ಅವ್ವಾ, ಇತ್ಲಾಗ ತಿರುಗು."

"ನಾ ನೋಡಿದ್ರ ಸೋಲ್ತೀ."

"ಸೋತ್ರ ಸೋಲ್ತೀನಿ. ಆದ್ರ ನಿನ್ನ ಮುಂದs ಸೋಲ್ತೀನಿ. ನೀ ಸಾರಿಸಿದ ನೆಲದಾಗ ನಿನ್ನ ಬೆನ್ನಿಗಿ ಆಡಾಕ ನನ್ನ ಕೈಲೆ ಆಗಂಗಿಲ್ಲ."

ಮಾಸ್ತರು ಮೈಕಿನಲ್ಲಿ ಟೈಮ್ ಎಂದು ಎರಡು ಸಲ ಕರೆದರು. ಕೊನೆಗೆ ಭೀಮವ್ವ ಕಂಬಳಿಯ ಸಮೇತ ತಿರುಗಿ ಕೂತರು. ಈ ಸಲ ಕಣ್ಣು ಎತ್ತಿದರು.

ಮುಂದೆ ಆದದ್ದನ್ನು ಬರೆಯಲು ನನಗೆ ಇವತ್ತಿಗೂ ಖುಷಿ. ಆ ಹಳೆಯ ತಂತಿಯಿಂದ ಚೆಂಡು ಮೆತ್ತಗೆ ಎದ್ದು, ಬಲೆಯ ಮೇಲೆ ದಾಟಿ, ಹಿಂದಿನ ಗೆರೆಯ ಹತ್ತಿರ ಹೋಗಿ ಬೀಳತೊಡಗಿತು. ಸಾಬಮ್ಮ ಓಡುತ್ತಿರಲಿಲ್ಲ, ಓಡಲು ಕಾಲಿರಲಿಲ್ಲ, ನಂದಿನಿಯನ್ನು ಓಡಿಸುತ್ತಿದ್ದಳು. ಎರಡು-ನಾಲ್ಕು. ಮೂರು-ನಾಲ್ಕು. ನಾಲ್ಕು-ನಾಲ್ಕು. ಒಂದೊಂದು ಗೇಮಿಗೂ ಮಾಳಿಗೆಗಳಿಂದ "ದೇವಾಪುರ!" ಎಂಬ ಕೂಗು ಮಾಸ್ತರು ಬಾಯಿ ತೆರೆಯುವ ಮೊದಲೇ ಬರುತ್ತಿತ್ತು.

ಸಮ ಸಮ ಆದಾಗ ನಂದಿನಿಯ ಒಂದು ಭರ್ಜರಿ ಹೊಡೆತ ನೇರ ಹೋಗಿ ಮೇಟಿಗೆ ಬಡಿದು ಅವಳ ಬದಿಗೇ ವಾಪಸು ಬಂತು. ಪಾಯಿಂಟು ಯಾರದು? ಮಾಸ್ತರು ತಲೆ ಕೆರೆದುಕೊಂಡರು. ಯಾವ ನಿಯಮದ ಪುಸ್ತಕದಲ್ಲೂ ಮೇಟಿ ಇಲ್ಲ. ಹೆಂಗಸರ ಗುಂಪಿನಿಂದ ಒಬ್ಬಳು ತೀರ್ಪು ಕೂಗಿದಳು: "ಮೇಟಿಗಿ ಬಿದ್ದದ್ದು ದೇವರದ್ರಿ ಮಾಸ್ತರ, ಮತ್ತೊಮ್ಮೆ ಆಡ್ಲಿ!" ಮಾಸ್ತರು ಒಪ್ಪಿದರು. ಸಾಬಮ್ಮ, ನಂದಿನಿ ಇಬ್ಬರೂ ಮೇಟಿಗೆ ಕೈಮುಗಿದು ಮತ್ತೆ ಆಡಿದರು. ನಗೆಯಲ್ಲಿ ಊರು ಅಲ್ಲಾಡಿತು.

ಆ ಗೇಮೂ ಸಾಬಮ್ಮನದೇ. ಐದು-ನಾಲ್ಕರಲ್ಲಿ ಕೊನೆಯ ಪಾಯಿಂಟು. ಇಬ್ಬರೂ ಇಪ್ಪತ್ತು ಹೊಡೆತದ ಮೇಲೆ ಹೊಡೆದಿರಬೇಕು. ನಂದಿನಿ ಹಿಂದಿನ ಗೆರೆಯಾಚೆ ನಿಂತಿದ್ದಳು. ಸಾಬಮ್ಮ ಜೋರಾಗಿ ಹೊಡೆಯುವವಳಂತೆ ಕೈ ಎತ್ತಿದಳು, ಆಮೇಲೆ ರೊಟ್ಟಿ ಹೊರಳಿಸಿದಷ್ಟು ಹಗುರಾಗಿ ಚೆಂಡನ್ನು ಸವರಿದಳು. ಅದು ಮೇಟಿಯ ಪಕ್ಕದಲ್ಲಿ ಬಲೆ ದಾಟಿ, ಆಚೆ ಗೇಣುದ್ದದಲ್ಲಿ ಬಿದ್ದು, ಅಲ್ಲೇ ನಿಂತುಬಿಟ್ಟಿತು. ನಂದಿನಿ ಅರ್ಧ ದಾರಿ ಓಡಿ ಬಂದವಳು ರ‍್ಯಾಕೆಟ್ಟು ಕಂಕುಳಲ್ಲಿ ಸಿಕ್ಕಿಸಿ ತಾನೇ ಚಪ್ಪಾಳೆ ಹೊಡೆದಳು.

"ಗೇಮ್, ಸೆಟ್, ಮ್ಯಾಚ್..." ಮಾಸ್ತರು ಮೈಕನ್ನು ಜನರ ಕಡೆ ತಿರುಗಿಸಿದರು. ಊರೇ ಹೇಳಿತು.

ಜನ ಅಂಗಳಕ್ಕೆ ನುಗ್ಗಿದರು. ಆ ಗದ್ದಲದಲ್ಲೂ ಚಪ್ಪಲಿ ಮಾತ್ರ ಹೊರಗೇ ಬಿಟ್ಟು ಬಂದರು. ನಾನು ಭೀಮವ್ವನ ತಟ್ಟೆ ನೋಡಿದೆ. ಅದರಲ್ಲಿ ಒಂದೇ ಕಾಳಿತ್ತು. ಉಳಿದ ಐದನ್ನು ಹಾಕಲು ಅವರು ಮರೆತಿದ್ದರು.

ಸಾಬಮ್ಮ ಬಂದು ತಾಯಿಯ ಎದುರು ನಿಂತಳು. "ಗೆದ್ದೆ ಅವ್ವಾ. ನೀ ನೋಡಿದಿ, ನಾ ಗೆದ್ದೆ."

ಭೀಮವ್ವ ಆ ಮಾತಿಗೆ ಕಿವಿಯನ್ನೇ ಕೊಡಲಿಲ್ಲ. ಮಗಳ ಬಲಗೈ ಹಿಡಿದುಕೊಂಡು, ಅಳುತ್ತಲೇ, ಜಗಳಕ್ಕೆ ನಿಂತವರಂತೆ ಊರಿನವರ ಕಡೆ ತಿರುಗಿ ಕೇಳಿದರು. "ಗೆದ್ದಾಳ, ಸೋತಾಳ ಅಂತ ಅಷ್ಟs ಹೇಳಿದ್ರಲ್ಲೋ ಎಲ್ಲಾರೂ. ಇಷ್ಟು ಚಂದ ಆಡ್ತಾಳಂತ ಒಬ್ಬರೂ ಹೇಳ್ಲಿಲ್ಲಲ್ಲ?"



ಮೂರನೆಯ ದಿನ ನನಗೆ ಯಾದಗಿರಿಯಿಂದ ಮಧ್ಯಾಹ್ನದ ರೈಲು. ಸಾಬಮ್ಮ ಹದಿನೈದು ದಿನ ಊರಲ್ಲೇ ಇರುತ್ತೇನೆಂದಳು. ಬೆಳಿಗ್ಗೆ ಎದ್ದವನೇ ಭೀಮವ್ವನ ಕಟ್ಟೆಯ ಮೇಲೆ ಯಂತ್ರ ಇಟ್ಟು, ಎರಡೂ ರ‍್ಯಾಕೆಟ್‌ಗಳ ತಂತಿ ಕತ್ತರಿಸಿ, ಹೊಸದಾಗಿ ಕಟ್ಟಿದೆ. ಭೀಮವ್ವ ಚಹಾ ತಂದಿಟ್ಟು ಪಕ್ಕದಲ್ಲೇ ಕೂತು ನೋಡಿದರು. ಮಗಳ ಕಡೆ ತಿರುಗಿ ಕೇಳಿದರು. "ಮತ್ತ ಯಾವಾಗ ಆಡ್ತೀ?"

"ಆಡೂದು ಬಿಟ್ಟೀನಲ್ಲ ಅವ್ವಾ. ಎರಡು ವರ್ಷ ಆತು."

"ನೀ ಬಿಟ್ಟಿರಬೇಕು. ನಾ ಈಗ ನೋಡಾಕ ಸುರು ಮಾಡೀನಿ."

ಸಾಬಮ್ಮ ನನ್ನ ಮುಖ ನೋಡಿದಳು. ನಾನು ಕಟ್ಟಿ ಮುಗಿಸಿದ ರ‍್ಯಾಕೆಟ್ಟನ್ನು ಅವಳ ಕೈಗೆ ಕೊಟ್ಟು ಯಂತ್ರ ಮಡಚಿದೆ.

ಟಂಟಂ ಊರು ದಾಟುವಾಗ ಕಣದ ಪಕ್ಕದಲ್ಲೇ ಹೋಗುತ್ತದೆ. ತಿರುಗಿ ನೋಡಿದೆ. ಅಂಗಳದ ಅಂಚಿನಲ್ಲಿ ಕಂಬಳಿಯ ಮೇಲೆ ಭೀಮವ್ವ ಒಬ್ಬರೇ ಕೂತಿದ್ದರು, ತಟ್ಟೆಯಿಲ್ಲ, ಕಾಳಿಲ್ಲ. ಆಚೆ ಬದಿಯಲ್ಲಿ ಸಾಬಮ್ಮ ಬರಿಗಾಲಲ್ಲಿ ನಿಂತು, ಎದುರಾಳಿ ಯಾರೂ ಇಲ್ಲದೆ, ಒಂದೊಂದೇ ಚೆಂಡನ್ನು ಮೇಟಿಯ ಪಕ್ಕದಿಂದ ದಾಟಿಸುತ್ತಿದ್ದಳು. ಒಂದೂ ಬಲೆಗೆ ಬೀಳಲಿಲ್ಲ. ಈ ಸಲ ನಲವತ್ನಾಲ್ಕಕ್ಕೇ ಕಟ್ಟಿದ್ದೆ.